ನಲವತ್ತು ನಿಮಿಷದ ಕಂಪ್ಯೂಟರ್

ರಾತ್ರಿ ಪಕ್ಕದ ಕೋಣೆಯಿಂದ ‘ಟಕ್’ ಎಂದು ಸಣ್ಣ ಸದ್ದು ಕೇಳಿಸಿತು. ತಗಡಿಗೆ ತಗಡು ತಾಗಿದಂಥ ಸದ್ದು. ನನಗೆ ಎಚ್ಚರವಾಯಿತು. ಪಕ್ಕದಲ್ಲಿ ನನ್ನವರು ಗೊರಕೆ ಹೊಡೆಯುತ್ತಿದ್ದರು. ಇನ್ನೊಂದು ಸದ್ದು ಬಂದರೆ ಏಳೋಣವೆಂದು ಕಾದೆ. ಬರಲಿಲ್ಲ. ಬಿಸಿಲಿಗೆ ಕಾದ ಕಬ್ಬಿಣ ರಾತ್ರಿ ತಣ್ಣಗಾಗುವಾಗ ಸದ್ದು ಮಾಡುತ್ತದೆ ಎಂದು ಓದಿದ್ದು ನೆನಪಾಯಿತು. ಆದರೆ ಆ ಕೋಣೆಯಲ್ಲಿದ್ದ ಕಬ್ಬಿಣವೆಂದರೆ ನನ್ನ ಕಂಪ್ಯೂಟರಿನ ಪೆಟ್ಟಿಗೆ ಮಾತ್ರ. ಅದು ಬೆಳಿಗ್ಗೆಯೇ ಕೆಟ್ಟು ನಿಂತಿತ್ತು. ಕಾದಿರಲು ಸಾಧ್ಯವಿರಲಿಲ್ಲ.

ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ಅಪ್ಪ ಕೊಡಿಸಿದ್ದ ಕಂಪ್ಯೂಟರ್ ಅದು. ಮದುವೆಯಾದಾಗ ನನ್ನೊಂದಿಗೆ ಮಾಗಡಿಯಿಂದ ಚನ್ನಪಟ್ಟಣಕ್ಕೆ ಬಂತು. ಎರಡು ಸಾವಿರದ ಆರರ ಹೊತ್ತಿಗೆ ಅದಕ್ಕೆ ಏಳು ವರ್ಷ. ಸುಮ್ಮಸುಮ್ಮನೆ ನಿಲ್ಲುತ್ತಿತ್ತು, ತಾನೇ ಆರಿ ತಾನೇ ಹೊತ್ತಿಕೊಳ್ಳುತ್ತಿತ್ತು. ನನ್ನವರು, ರೇಣುಕಾಪ್ರಸಾದ್, ಅದನ್ನು ‘ನಿನ್ನ ತವರಿನ ಎಮ್ಮೆ’ ಎನ್ನುತ್ತಿದ್ದರು.

ನಮ್ಮದು ಬಣ್ಣದ ಗೊಂಬೆಗಳ ಮನೆ. ಹಿತ್ತಲಿನ ಕೊಟ್ಟಿಗೆಯಲ್ಲಿ ಮರ ಕಡೆಯುವ ಮೂರು ಲೇತ್‌ಗಳು. ಮಾವ ವೃಷಭೇಂದ್ರಪ್ಪನವರಿಗೆ ಎಪ್ಪತ್ತು ದಾಟಿದ್ದರೂ ಬೆಳಿಗ್ಗೆ ಒಂದು ಹೊತ್ತು ಲೇತಿನ ಮುಂದೆ ಕೂರದಿದ್ದರೆ ಊಟ ಸೇರದು. ಹಿಂದೆಲ್ಲ ಹೊಸ ಗೊಂಬೆಯ ಮಾದರಿಯನ್ನು ಅವರೇ ಕಡೆದು ಬೆಂಗಳೂರಿಗೆ ಕಳಿಸುತ್ತಿದ್ದರು. ಈಚೆಗೆ ರಫ್ತಿನವರು ಕಂಪ್ಯೂಟರಿನಲ್ಲಿ ಬರೆದ ಚಿತ್ರ ಕೇಳತೊಡಗಿದ್ದರು. ಎಲ್ಲ ಕಡೆಯಿಂದಲೂ ತಿರುಗಿಸಿ ನೋಡುವಂಥ ಚಿತ್ರ. ನಾನು ಪುಸ್ತಕ ಇಟ್ಟುಕೊಂಡು ಕಲಿತೆ. ಈ ಸಲ ಹನ್ನೆರಡು ಗೊಂಬೆಗಳು ಶುಕ್ರವಾರಕ್ಕೆ ಬೇಕಿದ್ದವು. “ಆಗದಿದ್ರೆ ಹೇಳಿಬಿಡಿ ಮೇಡಂ, ಇನ್ನು ಮೇಲೆ ಇಲ್ಲೇ ಮಾಡಿಸಿಕೊಳ್ತೀವಿ,” ಎಂದು ಬೆಂಗಳೂರಿನಿಂದ ರಫ್ತಿನವರು ಫೋನಿನಲ್ಲಿ ಮೆತ್ತಗೆ ಹೇಳಿದ್ದರು. ಆ ‘ಇನ್ನು ಮೇಲೆ’ ನನ್ನನ್ನು ಬಿಡಲಿಲ್ಲ. ಆ ಮನೆಯಲ್ಲಿ ನನ್ನದೆಂದು ಇದ್ದ ಕೆಲಸ ಅದೊಂದೇ.

ಗೊಂಬೆಯನ್ನು ಪರದೆಯ ಮೇಲೆ ತಿರುಗಿಸಲು ಹೋದರೆ ಹಳೆಯ ಗ್ರಾಫಿಕ್ಸ್ ಕಾರ್ಡ್ ಅರ್ಧದಲ್ಲೇ ನಿಲ್ಲುತ್ತಿತ್ತು. ಶನಿವಾರ ರಾಮನಗರದಿಂದ ಮುಕ್ತಿಯಾರ್ ಬಂದ. ಬಸ್‌ ಸ್ಟ್ಯಾಂಡಿನ ಹತ್ತಿರ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಬೆಂಗಳೂರಿನಲ್ಲಿ ಹುಡುಕಿ ತಂದ ಸೆಕೆಂಡ್‌ ಹ್ಯಾಂಡ್ ಕಾರ್ಡನ್ನು ಗಾಜಿನ ಬಳೆಯಂತೆ ಕಾಗದದಲ್ಲಿ ಸುತ್ತಿದ್ದ. ಹಳೆಯದಕ್ಕಿಂತ ಉದ್ದ, ಭಾರ. ಬೆನ್ನಿಗೆ ಅಲ್ಯೂಮಿನಿಯಂ ಬಿಲ್ಲೆ, ಅದರ ಮೇಲೊಂದು ಪುಟ್ಟ ಫ್ಯಾನ್.

“ಅಕ್ಕ, ನಿಮ್ ಪೆಟ್ಟಿಗೆ ಮುದುಕಿ ಆಗ್ಬುಟ್ಟೈತೆ. ಸ್ಕ್ರೂ ತೂತು ಸವೆದೋಗೈತೆ, ಕಾರ್ಡ್ ಹಿಡಕೊಳ್ಳೋ ಕೊಕ್ಕೆ ಮುರ್ದೋಗೈತೆ,” ಎಂದ.

ಬಾಗಿಲಲ್ಲಿ ನಿಂತಿದ್ದ ಮಾವ ಬಗ್ಗಿ ನೋಡಿದರು. “ಏನಪ್ಪ, ಆ ತುದಿ ಅಲ್ಲಾಡ್ತೈತಲ್ಲ?”

“ಅಲ್ಲಾಡ್ಲಿ ಬುಡಿ ತಾತ. ಇದೇನ್ ಬುಗುರಿಯಾ, ತಿರುಗಿಸಿ ನೋಡಕ್ಕೆ?”

“ಬುಗುರೀನೂ ಅಲ್ಲಾಡುದ್ರೆ ನಾವು ಗಿರಾಕಿಗೆ ಕೊಡಾಕಿಲ್ಲ ಕಣಪ್ಪ.”

ಮುಕ್ತಿಯಾರ್ ಜೋರಾಗಿ ನಕ್ಕ. ಮಾವ ನಗಲಿಲ್ಲ. ಹೋಗುವಾಗ ಮುಕ್ತಿಯಾರ್ ನನಗೆ ಎರಡು ಮಾತು ಹೇಳಿದ: ಪೆಟ್ಟಿಗೆ ಕದಲಿಸಬಾರದು, ಮುಚ್ಚಳ ತೆಗೆಯಬಾರದು. ವಾರವೆಲ್ಲ ತಾನು ಕನಕಪುರದಲ್ಲಿ ಒಂದು ಆಫೀಸಿಗೆ ಕಂಪ್ಯೂಟರ್ ಕೂರಿಸುತ್ತಿರುತ್ತೇನೆ, ಶುಕ್ರವಾರ ಬಂದು ನೋಡುತ್ತೇನೆ ಎಂದ.

ಶನಿವಾರ ಸಂಜೆ ಗೊಂಬೆ ಪರದೆಯ ಮೇಲೆ ನೀರಿನಲ್ಲಿ ತೇಲಿದಂತೆ ಸಲೀಸಾಗಿ ತಿರುಗಿತು. ನಾನು ಖುಷಿಯಿಂದ ಕೂಗಿ ಎಲ್ಲರನ್ನೂ ಕರೆದೆ. ಎಲ್ಲರೂ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

“ಎಮ್ಮೆ ಮಲಗ್ತು,” ಎಂದರು ನನ್ನವರು.

ಭಾನುವಾರ ಬೆಳಿಗ್ಗೆ ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊತ್ತಿಕೊಂಡಿತು. ನಲವತ್ತು ನಿಮಿಷ ಕೆಲಸ ಮಾಡಿತು. ಆಮೇಲೆ ಪರದೆಯ ತುಂಬ ಬಣ್ಣದ ಪಟ್ಟೆಗಳು ಮೂಡಿ ಕಪ್ಪಾಯಿತು. ಸಂಜೆಯವರೆಗೂ ಏನು ಮಾಡಿದರೂ ಏಳಲಿಲ್ಲ. ನಾನು ಆ ‘ಟಕ್’ ಕೇಳಿದ್ದು ಅದೇ ರಾತ್ರಿ. ಸೋಮವಾರ ಬೆಳಿಗ್ಗೆ ಮತ್ತೆ ಸರಿಯಾಗಿತ್ತು. ಮತ್ತೆ ಮೂವತ್ತೆಂಟು ನಿಮಿಷ.

ನನಗೆ ಭಯವಾದಾಗ ಬರೆದಿಡುವ ಅಭ್ಯಾಸ. ಒಂದು ನೋಟ್‌ಬುಕ್ಕಿನಲ್ಲಿ ಗಂಟೆ, ನಿಮಿಷ ಎಲ್ಲ ಬರೆದೆ. ಕನಕಪುರದಲ್ಲಿದ್ದ ಮುಕ್ತಿಯಾರ್‌ಗೆ ಫೋನ್ ಮಾಡಿದೆ.

“ಅಕ್ಕ, ಅದು ಕರೆಂಟ್ ಪ್ರಾಬ್ಲಮ್ಮು. ನಿಮ್ ಬೀದೀಲಿ ಲೇತ್ ಶುರುವಾದ್ರೆ ಬಲ್ಬೇ ಮಂಕಾಯ್ತದೆ. ಸ್ಟೆಬಿಲೈಜರ್ ಹಾಕಿ.”

ಫ್ರಿಜ್ಜಿನ ಸ್ಟೆಬಿಲೈಜರ್ ಕಿತ್ತು ತಂದು ಹಾಕಿದೆ. ಮಂಗಳವಾರ ಪಕ್ಕದಲ್ಲಿ ಟೇಬಲ್ ಫ್ಯಾನನ್ನೂ ಇಟ್ಟೆ. ಐವತ್ತೈದು ನಿಮಿಷ ಬಂತು. ಅಂದರೆ ಬಿಸಿಯೇ ಕಾರಣ. ಹಾಗಾದರೆ ತಣ್ಣಗಾದ ಮೇಲೆ ಏಳಬೇಕಲ್ಲ? ಮಧ್ಯಾಹ್ನ ನೋಡಿದೆ, ರಾತ್ರಿ ಹತ್ತಕ್ಕೆ ನೋಡಿದೆ, ಪೆಟ್ಟಿಗೆ ನೆಲದಷ್ಟು ತಣ್ಣಗಿತ್ತು. ಏಳಲಿಲ್ಲ. ಬೆಳಿಗ್ಗೆ ಆರಕ್ಕೆ ಮಾತ್ರ ಏಳುತ್ತದೆ. ಅದನ್ನು ಸರಿಮಾಡುತ್ತಿದ್ದುದು ತಂಪಲ್ಲ. ಹತ್ತರಿಂದ ಆರರ ನಡುವೆ ಇನ್ನೇನೋ ಆಗುತ್ತಿತ್ತು.

ಮೂರು ದಿನಕ್ಕೆ ಆದದ್ದು ಎರಡೇ ಗೊಂಬೆ. ಅಂದು ರಾತ್ರಿ ಒಂದು ಚೂರು ಕಾಗದವನ್ನು ಮಡಿಚಿ ಪೆಟ್ಟಿಗೆಯ ಪಕ್ಕದ ಮುಚ್ಚಳದ ಸಂದಿಗೆ ಸಿಕ್ಕಿಸಿ ಮಲಗಿದೆ. ಇಂಥದ್ದನ್ನೆಲ್ಲ ಮಾಡುವವಳು ಎಂದು ಗೊತ್ತಾದರೆ ನಗುತ್ತಾರೆಂದು ಯಾರಿಗೂ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಕಾಗದ ನೆಲದ ಮೇಲಿತ್ತು. ಅದರ ಪಕ್ಕದಲ್ಲಿ ಸುಟ್ಟ ಬೆಂಕಿಕಡ್ಡಿ. ನನ್ನವರು ಬಿಟ್ಟಿದ್ದ ಬೀಡಿ ಮತ್ತೆ ಶುರುಮಾಡಿದರೇ ಎಂಬುದೇ ಮೊದಲು ಹೊಳೆದದ್ದು. ಬಗ್ಗಿ ಮೂಸಿದೆ. ಬೀಡಿಯ ವಾಸನೆಯಲ್ಲ. ಈ ಊರಿನಲ್ಲಿ ಎಂಟು ದಿನ ಇದ್ದವರಿಗೂ ಗುರುತು ಸಿಗುವ ವಾಸನೆ. ಕಾದ ಅರಗು, ಗೊಂಬೆಗೆ ಬಣ್ಣ ಕೂರಿಸುವ ಅರಗು.

ಮುಕ್ತಿಯಾರ್ ಬೇಡವೆಂದಿದ್ದರೂ ಮುಚ್ಚಳ ಎಳೆದೆ. ‘ಟಕ್’ ಎಂದಿತು.

ಕಾರ್ಡಿನ ಅಲ್ಲಾಡುವ ತುದಿಗೂ ಪೆಟ್ಟಿಗೆಯ ತಗಡಿಗೂ ನಡುವೆ ನೆಲ್ಲಿಕಾಯಿ ಗಾತ್ರದ ಅರಗಿನ ಮುದ್ದೆ ಕೂತಿತ್ತು. ಹಳದಿಗೆ ಒಂಚೂರು ಹಸಿರು ಬೆರೆಸಿದ, ಎಳೆ ಮಾವಿನಕಾಯಿಯ ಬಣ್ಣ. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಅರಗಿದೆ. ಕೊಡೆಯ ಹಿಡಿ ಕಳಚಿದರೂ ಅರಗು, ಡಬ್ಬಿಯ ಮುಚ್ಚಳದ ಗುಬಟು ಬಿದ್ದರೂ ಅರಗು, ಕನ್ನಡಕದ ಕಾಲು ಮುರಿದರೂ ಅರಗೇ. ಆದರೆ ಆ ಬಣ್ಣವನ್ನು ಕಲೆಸುತ್ತಿದ್ದವರು ನಮ್ಮ ಮಾವ ಒಬ್ಬರೇ.

ಕೋಪ ಬರಲಿಲ್ಲ. ಮುಚ್ಚಳ ತೆಗೆದೇ ಕಂಪ್ಯೂಟರ್ ಆನ್ ಮಾಡಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಆ ಮುದ್ದೆಯನ್ನೇ ನೋಡತೊಡಗಿದೆ. ಇಪ್ಪತ್ತು ನಿಮಿಷಕ್ಕೆ ಕಾರ್ಡಿನ ಬಿಸಿಗೆ ಅದರ ಮೈ ಮೇಲೆ ಹೊಳಪು ಬಂತು, ಲೇತಿನ ಮೇಲೆ ತಿರುಗುವ ಗೊಂಬೆಗೆ ಬರುವಂಥದೇ ಹೊಳಪು. ಮೂವತ್ತಕ್ಕೆ ಅಂಚು ದುಂಡಗಾಗಿ ಕೆಳಗೆ ಜೋಲಿತು. ಕಾರ್ಡು ಅದರ ಜೊತೆಗೇ ಎಳ್ಳಷ್ಟು ಎಳ್ಳಷ್ಟೇ, ತಾನು ಕೂತ ಸೀಳಿನಿಂದ ಕಳಚಿ ಇಳಿಯುತ್ತಿತ್ತು. ಕಣ್ಣು ಮಿಟುಕಿಸಿದರೆ ಕಾಣುತ್ತಿರಲಿಲ್ಲ. ಮೂವತ್ತೊಂಬತ್ತನೆಯ ನಿಮಿಷಕ್ಕೆ ಪಟ್ಟೆಗಳು, ಆಮೇಲೆ ಕತ್ತಲೆ. ಇಳಿದ ಜಾಗದಲ್ಲೇ ಅರಗು ತಣ್ಣಗಾಗಿ ಕಲ್ಲಾಗುತ್ತಿತ್ತು. ಅದಕ್ಕೇ ಹಗಲೆಲ್ಲ ಏಳುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾವ ಅರಗನ್ನು ಮತ್ತೆ ಕಾಯಿಸಿ, ಕಾರ್ಡನ್ನು ಎತ್ತಿ ಒತ್ತಿ ಕೂರಿಸುತ್ತಿದ್ದರು. ತಮ್ಮ ಅರಗು ಏಕೆ ಸೋಲುತ್ತಿದೆ ಎಂದು ಅವರಿಗೆ ತಿಳಿದಿರಲಾರದು. ಕಂಪ್ಯೂಟರ್ ಓಡುತ್ತಿರುವಾಗ ಕಾರ್ಡನ್ನು ಅವರು ಮುಟ್ಟಿ ನೋಡಿದವರೇ ಅಲ್ಲ.

ಅರಗನ್ನು ಚಾಕುವಿನ ತುದಿಯಿಂದ ಚೂರು ಚೂರಾಗಿ ಎಬ್ಬಿಸಿ ತೆಗೆದೆ. ಕಾರ್ಡನ್ನು ಅದರ ಸೀಳಿಗೆ ಸರಿಯಾಗಿ ಒತ್ತಿದೆ. ಬೇಕಿದ್ದದ್ದು ಕೆಳಗಿನಿಂದ ಒಂದು ಆನಿಕೆ, ಅಷ್ಟೆ. ಪೊರಕೆ ಕಡ್ಡಿಯೊಂದನ್ನು ನಿಲ್ಲಿಸಿ, ಪೆಟ್ಟಿಗೆಯ ತಳದಿಂದ ಕಾರ್ಡಿನವರೆಗೆ ಅಳತೆಗೆ ಮುರಿದು ಕೊಟ್ಟಿಗೆಗೆ ಹೋದೆ.

“ಮಾವ, ಇಷ್ಟುದ್ದಕ್ಕೆ ಒಂದು ಕಂಬ ಕಡೆದುಕೊಡ್ತೀರಾ? ಸಣ್ಣದು.”

ಕಡ್ಡಿಯನ್ನು ತೆಗೆದುಕೊಂಡು ಬೆರಳಿನ ಮೇಲೆ ಇಟ್ಟು ನೋಡಿದರು. “ಯಾವ ಗೊಂಬೇದವ್ವ ಇದು?”

ನಾನು ನೆಲದ ಮೇಲಿನ ಮರದ ಹೊಟ್ಟನ್ನು ಕಾಲಿನಿಂದ ಬದಿಗೆ ಸರಿಸಿದೆ.

“ಬಣ್ಣ?”

“ಬಣ್ಣ ಬೇಡ ಮಾವ. ಬಿಸಿಯಾಗೋ ಜಾಗ. ಅರಗು ನಿಲ್ಲೋದಿಲ್ಲ.”

ಅವರ ಕೈ ಲೇತಿನ ಸ್ವಿಚ್ಚಿನ ಮೇಲೆಯೇ ನಿಂತಿತು. “ಅಷ್ಟೊಂದು ಬಿಸಿ ಆಯ್ತದಾ ಅದು?”

“ಮುಟ್ಟಿದರೆ ಕೈ ಸುಡತ್ತೆ.”

“ಹೂಂ,” ಎಂದರು. ಗೊಂಬೆಯ ಮರದ ತುಂಡೊಂದನ್ನು ಎತ್ತಿಕೊಂಡು, “ಯಾರೂ ಹೇಳ್ನೇ ಇಲ್ವಲ್ಲ,” ಎಂದರು. ನನಗೆ ಹೇಳಿದ್ದೋ ಹಾಲೆ ಮರದ ತುಂಡಿಗೆ ಹೇಳಿದ್ದೋ ತಿಳಿಯಲಿಲ್ಲ. “ನೀ ಒಳೀಕೋಗು. ಒಸಿ ಹೊತ್ಗೆ ತತ್ತೀನಿ.”

ಹತ್ತು ನಿಮಿಷದಲ್ಲಿ ತಂದುಕೊಟ್ಟರು. ತಾಳೆಗರಿಯಲ್ಲಿ ಉಜ್ಜಿದ ಬಿಳಿ ಕಂಬ, ನನ್ನ ಕಡ್ಡಿಗಿಂತ ಕೂದಲೆಳೆಯಷ್ಟು ಉದ್ದ, ಬಿಗಿಯಾಗಿ ಕೂರಲೆಂದು. ಮೇಲ್ತುದಿಯಲ್ಲಿ ಕಾರ್ಡಿನ ದಪ್ಪಕ್ಕೆ ಸರಿಯಾಗಿ ಒಂದು ಸೀಳು. ಸೀಳು ಬೇಕೆಂದು ನಾನು ಹೇಳಿರಲಿಲ್ಲ. ಕಾರ್ಡಿನ ದಪ್ಪವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಇಬ್ಬರೂ ಆ ಸೀಳನ್ನು ನೋಡಿದೆವು. ಅವರು ಕೈ ಒರೆಸಿಕೊಂಡು ಹೊರಗೆ ಹೋದರು.

ಕಂಬ ನಿಂತಿತು. ಬುಧವಾರ ರಾತ್ರಿಯವರೆಗೂ ಕಂಪ್ಯೂಟರ್ ಕಪ್ಪಾಗಲಿಲ್ಲ, ಗುರುವಾರವೂ ಆಗಲಿಲ್ಲ. ನಾನೇ ಆಗಾಗ ಎದ್ದು ಹೋಗಿ ಮುಟ್ಟಿ ನೋಡಿ ಬರುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಹನ್ನೆರಡು ಗೊಂಬೆಗಳನ್ನೂ ಸಿ.ಡಿ.ಗೆ ಬರೆದು ನನ್ನವರ ಕೈಗೆ ಕೊಟ್ಟೆ. ಮಧ್ಯಾಹ್ನ ರಫ್ತಿನವರ ಫೋನ್ ಬಂತು. ಮುಂದಿನ ಸಲಕ್ಕೆ ಹದಿನೆಂಟು ಗೊಂಬೆ, ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ.

ಸಂಜೆ ಮುಕ್ತಿಯಾರ್ ಬಂದ. ಪರದೆಯ ಮೇಲೆ ತಿರುಗುತ್ತಿದ್ದ ಗೊಂಬೆ ನೋಡಿ ತೊಡೆ ತಟ್ಟಿಕೊಂಡ. “ನೋಡುದ್ರಾ ಸಾರ್, ಫೋನಲ್ಲೇ ರಿಪೇರಿ! ನಾ ಹೇಳ್ಲಿಲ್ವಾ, ಸ್ಟೆಬಿಲೈಜರ್ ಹಾಕಿ ಅಂತ.”

“ಹಂಗಾದ್ರೆ ನಮ್ ಫ್ರಿಜ್ಜು ಸಾಯಲಿ ಅಂತೀಯ,” ಎಂದರು ಆಗಷ್ಟೇ ಬೆಂಗಳೂರಿನಿಂದ ಬಂದಿದ್ದ ನನ್ನವರು. ಆಮೇಲೆ ನನ್ನ ಕಡೆ ತಿರುಗಿದರು. “ನಿಜ ಹೇಳು, ಏನಾಗಿತ್ತು ಇದಕ್ಕೆ?”

ಮುಕ್ತಿಯಾರ್ ಮುಚ್ಚಳದ ಮೇಲೆ ಕೈ ಇಟ್ಟಿದ್ದ. ಜಗುಲಿಯಲ್ಲಿ ಮಾವ ಪತ್ರಿಕೆ ಹಿಡಿದಿದ್ದರು, ಪುಟ ತಿರುಗಿಸುತ್ತಿರಲಿಲ್ಲ. ಹೇಳಿದರೆ ಮುಕ್ತಿಯಾರ್ ಈ ಕಥೆಯನ್ನು ರಾಮನಗರದ ಬಸ್‌ ಸ್ಟ್ಯಾಂಡಿನಲ್ಲೆಲ್ಲ ಹಂಚುತ್ತಾನೆ. ನನ್ನವರು ಒಂದು ವಾರ ನಕ್ಕು ಆಮೇಲೆ ಕೋಣೆಗೆ ಬೀಗ ಹಾಕಿಸುತ್ತಾರೆ, ತಮ್ಮ ಅಪ್ಪ ಅಲ್ಲಿ ಬೆಂಕಿ ಹಚ್ಚಿದ್ದರು ಎಂದು. ಐವತ್ತು ವರ್ಷ ಅರಗು ಹಿಡಿದ ಕೈಗೆ ಅರಗಿನ ಗುಣ ತಿಳಿಯಲಿಲ್ಲ ಎಂದು ಬೀದಿ ಮಾತಾಡುತ್ತದೆ.

“ಮುಚ್ಚಳ ತೆಗೀಬೇಡ ಮುಕ್ತಿಯಾರ್,” ಎಂದೆ. “ನೀನೇ ಹೇಳಿದ್ದೆಯಲ್ಲ.”

“ಸರಿ ಅಕ್ಕ.” ಅವನು ಕೈ ತೆಗೆದ.

“ಕರೆಂಟಿನದೇ ತೊಂದರೆ ಇತ್ತು ಅನಿಸುತ್ತೆ,” ಎಂದು ನನ್ನವರಿಗೆ ಹೇಳಿದೆ. ಆ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಇದನ್ನು ಇನ್ನು ಯಾರಿಗೂ ಹೇಳುವುದಿಲ್ಲವೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆನೆಂದು ನನಗೇ ಗೊತ್ತಾಯಿತು. ಕಾಫಿಗೆ ಹಾಲು ಇಡಲು ಒಳಗೆ ಹೋದೆ.