ಬಾಣಪ್ಪನ ಸರಪಳಿ ಹೊಲಿಗೆ

ಅಪ್ಪ ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್. ಹೊಲಿದು ಬಂದ ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗಿನ ಮೇಜಿನ ಮೇಲೆ ಹರಡಿ, ಹೊಲಿಗೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ, ತಪ್ಪು ಸಿಕ್ಕ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವರ ಕೆಲಸ. ಬಾಣ ಬಿದ್ದ ಬಟ್ಟೆ ಹೊಲಿದವಳ ಬಳಿಗೇ ವಾಪಸು ಹೋಗುತ್ತದೆ. ಅವಳು ಬಿಚ್ಚಿ ಮತ್ತೆ ಹೊಲಿಯಬೇಕು. ಹಾಗಾಗಿ ಇಡೀ ಲೈನಿನಲ್ಲಿ ಅಪ್ಪನ ಹೆಸರು ಬಾಣಪ್ಪ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಜನ ಬೈಯುತ್ತಾರೆ. ಅಪ್ಪನಿಗೆ ಅದಕ್ಕೇ ಸಂಬಳ ಕೊಡುತ್ತಿದ್ದರು.

ಅಮ್ಮ ಒಂದು ಕಾಲಕ್ಕೆ ಅದೇ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಮದುವೆಗೆ ಮುಂಚೆ ಅಪ್ಪ ಅವಳ ಬಟ್ಟೆಗೆ ಅಂಟಿಸಿದಷ್ಟು ಬಾಣ ಬೇರೆ ಯಾರ ಬಟ್ಟೆಗೂ ಅಂಟಿಸಿಲ್ಲವಂತೆ. ಅದು ಪ್ರೀತಿ ಎಂದು ಅಪ್ಪ ಹೇಳುತ್ತಾರೆ. ಮದುವೆಯಾದ ಮೇಲೂ ಅಂಟಿಸಿದರು, ಆದ್ದರಿಂದ ಪ್ರೀತಿಯಲ್ಲ ಎಂದು ಅಮ್ಮ ಹೇಳುತ್ತಾಳೆ. ಆಮೇಲೆ ಅವಳು ಆ ಕೆಲಸ ಬಿಟ್ಟಳು. ಈಗ ಮನೆಯಲ್ಲೇ ಕೂತು ಗೊತ್ತಿದ್ದವರಿಗೆ ಕಸೂತಿ ಹಾಕಿಕೊಡುತ್ತಾಳೆ. ನಾನು ಅದೇ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಮಷಿನ್ನಿನಲ್ಲಿದ್ದೇನೆ. ಅಪ್ಪನ ಮೇಜು ನನ್ನ ಎದುರಿಗೇ ಇತ್ತು.

ಹೀಗಿರುವಾಗ ಹೊಸ ಆರ್ಡರ್ ಬಂತು. ಮಕ್ಕಳ ಫ್ರಾಕು, ಕಾಲರಿನ ಮೇಲೆ ಕೈಯಲ್ಲೇ ಹಾಕಿದ ಒಂದು ಎಲೆ, ಅದೂ ಸರಪಳಿ ಹೊಲಿಗೆಯಲ್ಲಿ. ಮ್ಯಾನೇಜರ್ ಹೊಸಬ, ಹುರುಪು ಇನ್ನೂ ಇಳಿದಿರಲಿಲ್ಲ.

"ಕೈಕೆಲಸ ಬರದೋರು ಕೈಕೆಲಸ ಚೆಕ್ ಮಾಡೋ ಹಾಗಿಲ್ಲ," ಎಂದ. "ಸೋಮವಾರ ಆರ್ಡರ್ ಕೊಟ್ಟವರ ಕಡೆಯಿಂದ ಮೇಡಂ ಬರ್ತಾರೆ. ಅವರ ಮುಂದೆ ಚೆಕ್ಕರ್‌ಗಳೆಲ್ಲ ಒಂದೊಂದು ಎಲೆ ಹಾಕಿ ತೋರಿಸ್ಬೇಕು. ಆಗಲ್ಲ ಅನ್ನೋರು ಪ್ಯಾಕಿಂಗ್‌ಗೆ ನಡೀರಿ."

ಪ್ಯಾಕಿಂಗ್ ಎಂದರೆ ನೆಲಮಾಳಿಗೆ. ರಟ್ಟಿನ ಧೂಳು, ದಿನವಿಡೀ ಟೇಪು ಹರಿಯುವ ಸದ್ದು. ಅಲ್ಲಿ ಯಾರೂ ಯಾರ ತಪ್ಪನ್ನೂ ಹುಡುಕುವಂತಿಲ್ಲ. ಅಪ್ಪ ನಾನು ಹುಟ್ಟುವ ಮೊದಲಿನಿಂದ ಆ ಮೇಜಿನ ಹಿಂದೆ ನಿಂತವರು. ಅದು ಹೋದರೆ ಅವರಿಗೆ ಉಳಿಯುವುದು ನಾನು ಮತ್ತು ಅಮ್ಮ. ನಮ್ಮಲ್ಲಿ ತಪ್ಪು ಹುಡುಕಿ ಅವರಿಗೆ ಯಾವತ್ತೋ ಮುಗಿದಿತ್ತು.

ಅವರಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ.

"ಕಲಿಯೋದೇನಿಲ್ಲ," ಎಂದರು ಶುಕ್ರವಾರ ಸಂಜೆ ಅಡುಗೆಮನೆಯಲ್ಲಿ ಸ್ಟೂಲ್ ಎಳೆದುಕೊಂಡು. "ಜೀವನವೆಲ್ಲ ಹೊಲಿಗೆ ನೋಡಿದ್ದೀನಿ. ಕೈಗೆ ಸ್ವಲ್ಪ ರೂಢಿ ಆಗ್ಬೇಕು ಅಷ್ಟೇ."

"ಊಟ ಮಾಡ್ದೋರೆಲ್ಲ ಅಡುಗೆಯೋರಾಗಿದ್ರೆ ಒಲೆ ಮುಂದೆ ನಾನೊಬ್ಳೇ ಯಾಕೆ ನಿಂತಿರ್ತಿದ್ದೆ?" ಎಂದು ಅಮ್ಮ ಬಟ್ಟೆಯನ್ನು ಕಸೂತಿಯ ರಿಂಗಿಗೆ ಸಿಕ್ಕಿಸಿ, ಪೆನ್ಸಿಲಿನಲ್ಲಿ ಎಲೆಯೊಂದನ್ನು ಬರೆದುಕೊಟ್ಟಳು. "ಸೂಜಿ ಕೆಳಗಿಂದ ಮೇಲಕ್ಕೆ ತನ್ನಿ. ದಾರ ಸುತ್ತಿ ಹೆಬ್ಬೆರಳಲ್ಲಿ ಅದುಮಿಟ್ಕೊಳ್ಳಿ. ಬಂದ ತೂತಿಗೇ ಸೂಜಿ ವಾಪಸ್ ಹೋಗ್ಲಿ. ಸ್ವಲ್ಪ ಮುಂದೆ, ಆ ಕುಣಿಕೆ ಒಳಗಿಂದ ಮೇಲೆ ಬರ್ಲಿ. ಈಗ ಮೆತ್ತಗೆ ಎಳೀರಿ."

ಅಪ್ಪ ಎಳೆದರು. ಮೆತ್ತಗಲ್ಲ, ಮೇಜಿನ ಮೇಲೆ ಬಟ್ಟೆ ಜಗ್ಗುವ ಹಾಗೆ. ಕುಣಿಕೆ ಸತ್ತು ಗೆರೆಯಾಯಿತು, ಬಟ್ಟೆ ಒಣಗಿದ ಹಪ್ಪಳದಂತೆ ಮುದುಡಿತು.

"ಈ ಸೂಜಿ ಸರಿ ಇಲ್ಲ ಕಣೇ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಗಾದೆ ಕಟ್ದೋರು ನಿಮ್ಮನ್ನ ನೋಡಿರ್ಲಿಲ್ಲ, ಅದಕ್ಕೇ ಹೆಂಗಸಿನ ತಲೆಗೆ ಕಟ್ಟಿದ್ರು."

ಆಮೇಲೆ ಅವಳು ಗೋಡೆಯ ಮೊಳೆಗೆ ತೂಗುಹಾಕಿದ್ದ ಅಪ್ಪನ ಅಂಗಿಯ ಜೇಬಿಗೆ ಕೈಹಾಕಿ ಸ್ಟಿಕ್ಕರಿನ ಸುರುಳಿ ತೆಗೆದಳು. ಒಂದು ಬಾಣ ಕಿತ್ತು ಆ ಗೆರೆಯ ಪಕ್ಕ ಅಂಟಿಸಿದಳು. "ಬಿಚ್ಚಿ," ಎಂದಳು. ಅಪ್ಪ ಲೈನಿನಲ್ಲಿ ಹೇಳುವುದೂ ಹೀಗೆಯೇ, ಮುಖ ನೋಡದೆ. ನಾನು ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೆ ತೊಳೆಯಲು ಎದ್ದು ಹೋದೆ.

ನಿಜ ಹೇಳಬೇಕೆಂದರೆ ಅಮ್ಮನ ಬಾಣಗಳ ಅಗತ್ಯವೇ ಇರಲಿಲ್ಲ. ಅಪ್ಪ ಒಂದು ಕುಣಿಕೆ ಹಾಕುವುದು, ದೀಪದ ಕೆಳಗೆ ಹಿಡಿಯುವುದು. ಎರಡನೆಯದು ಮೊದಲನೆಯದಕ್ಕಿಂತ ಗಿಡ್ಡವಾಗಿದೆ ಎಂದು ಎರಡನ್ನೂ ತಾವೇ ಬಿಚ್ಚುವುದು. ಶನಿವಾರದ ಹೊತ್ತಿಗೆ ಎಲೆಯ ತೊಟ್ಟಿನ ಜಾಗ ಜರಡಿಯಾಗಿತ್ತು, ಎಲೆ ಮಾತ್ರ ಶುರುವಾಗಿರಲಿಲ್ಲ.

"ಮುಂದಕ್ಕೆ ಹೋಗ್ರೀ."

"ತಪ್ಪಿಟ್ಕೊಂಡು ಮುಂದಕ್ಕೆ ಹೆಂಗೆ ಹೋಗ್ಲಿ?"

"ಎಲ್ರೂ ಹಂಗೇ ಹೋಗೋದು. ನಾನು ನಿಮ್ ಜೊತೆ ಬಂದಿಲ್ವಾ?"

ಭಾನುವಾರ ಅಪ್ಪ ಪ್ರಯೋಗಕ್ಕೆ ಇಳಿದರು. ದಾರದ ಎಳೆ ಹೆಚ್ಚಿಸಿದರು, ಕಡಿಮೆ ಮಾಡಿದರು. ದಾರ ಒದ್ದೆ ಮಾಡಿ ನೋಡಿದರು. ಚೀಲ ಹೊಲಿಯುವ ದಪ್ಪ ಸೂಜಿ ಹಿಡಿದರು. ಒಮ್ಮೆ ಕೈತಪ್ಪಿ ಸೂಜಿ ಬಂದ ತೂತಿಗೆ ಹೋಗದೆ ಪಕ್ಕದಲ್ಲಿ ಇಳಿಯಿತು. ಕುಣಿಕೆ ಕತ್ತರಿ ಬಿದ್ದು ಹಗ್ಗದಂತೆ ಹೊಸೆದುಕೊಂಡಿತು. ಅಪ್ಪ ಎದ್ದು ನಿಂತರು.

"ಲೇ, ಬಾರೇ ಇಲ್ಲಿ! ಈ ಹೊಲಿಗೆ ಇದುವರೆಗೂ ಯಾರೂ ಹಾಕಿಲ್ಲ!"

ಅಮ್ಮ ಬೀರು ತೆರೆದು ಹಳೆಯ ಕರ್ಚೀಫೊಂದನ್ನು ತಂದು ಅವರ ಮುಂದೆ ಇಟ್ಟಳು. ಅದರ ಅಂಚಿನುದ್ದಕ್ಕೂ ಅದೇ ಹೊಲಿಗೆ. "ನಿಮ್ ಮಗಳು ಐದನೇ ಕ್ಲಾಸಲ್ಲಿ ಹಾಕಿದ್ದು. ಮಕ್ಕಳಿಗೆ ಬೇಜಾರಾಗ್ದೇ ಇರ್ಲಿ ಅಂತ ಹೇಳ್ಕೊಡ್ತಾರೆ."

ಅಪ್ಪ ಕರ್ಚೀಫನ್ನು ದೀಪದ ಕೆಳಗೆ ಹಿಡಿದು ತುಂಬ ಹೊತ್ತು ನೋಡಿದರು. "ಮೂಲೇಲಿ ಒಂದು ದಪ್ಪ ಆಗಿದೆ," ಎಂದರು ನನ್ನ ಕಡೆ ತಿರುಗಿ.

ಸೋಮವಾರ ಕತ್ತರಿಸುವ ಮೇಜಿನ ಸುತ್ತ ಎಲ್ಲರೂ ಸೇರಿದರು. ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ಉಳಿದ ಇಬ್ಬರು ಚೆಕ್ಕರ್‌ಗಳು ಸೊಟ್ಟಪಟ್ಟವಾಗಿ ಏನೋ ಒಂದು ಎಲೆ ಹಾಕಿ ಮುಗಿಸಿದರು. ಅಪ್ಪನ ಸರದಿ ಬಂತು. ಇಷ್ಟು ಜನರ ಮುಂದೆ ಬಿಚ್ಚಲು ನಾಚಿಕೆಯಾಯಿತೋ ಏನೋ, ಅಪ್ಪ ಮೊದಲ ಸಲ ತಪ್ಪಿಟ್ಟುಕೊಂಡೇ ಮುಂದೆ ಹೋದರು. ಕುಣಿಕೆಯ ಹಿಂದೆ ಕುಣಿಕೆ. ಎಲೆ ಬಳುಕಿತು, ತುದಿಗೆ ಬಂತು, ತಿರುಗಿ ತೊಟ್ಟಿಗೆ ಇಳಿಯಿತು.

"ಅಣ್ಣಾ, ಹೊಲಿಗೆ ಬರತ್ತೆ ಅಂತ ಮುಂಚೇನೇ ಹೇಳಿದ್ದಿದ್ರೆ ಬಾಣ ಬಿದ್ದಿದ್ದನ್ನೆಲ್ಲ ನಿಮ್ಗೇ ಹೊಲಿಯಕ್ಕೆ ಕಳಿಸ್ತಿದ್ವಲ್ಲ!" ಎಂದು ಕಾಲರ್ ಹೊಲಿಯುವ ಅಕ್ಕ ಕೂಗಿದಳು. ಅಪ್ಪ ಕೊನೆಯ ಕುಣಿಕೆಯ ಒಳಗಿಂದ ಮೇಲೆ ಬಂದ ಸೂಜಿಯನ್ನು, ಅಮ್ಮ ಹೇಳಿಕೊಟ್ಟಂತೆ, ಬಂದ ತೂತಿಗೇ ಇಳಿಸಿದರು. ಸೂಜಿ ತೆಗೆದಿಟ್ಟರು. ಚೆನ್ನಾಗಿಯೇ ಇತ್ತು ಎಲೆ. ಮೇಡಂ ಕೈಚಾಚಿದರು.

ಕೊಟ್ಟಿದ್ದರೆ ಮುಗಿದಿತ್ತು. ಆದರೆ ಅಪ್ಪ ಚೆಕ್ಕರ್. ಜಗ್ಗಿ ನೋಡದೆ ಒಂದು ಬಟ್ಟೆಯನ್ನೂ ಮೇಜು ದಾಟಿಸಿದವರಲ್ಲ. ರಿಂಗನ್ನು ತಿರುಗಿಸಿ, ಹಿಂದೆ ಜೋತಿದ್ದ ದಾರದ ತುದಿ ಹಿಡಿದು ಎಳೆದರು.

ಸರ್ರೆಂದು ಬಂತು. ಒಂದೊಂದೇ ಕುಣಿಕೆ ಹಿಂದಿನದರಿಂದ ಜಾರಿ ಮಾಯವಾಗುತ್ತ, ದಾರ ಎಲೆಯ ಸುತ್ತ ಓಡಿ, ಶುರು ಮಾಡಿದ್ದ ಗಂಟಿನ ಬುಡಕ್ಕೆ ಬಂದು ನಿಂತಿತು. ಮೇಜಿನ ಮೇಲೆ ಉಳಿದದ್ದು ಪೆನ್ಸಿಲಿನ ಗೆರೆ ಮತ್ತು ತೂತು. ಕಾಲರ್ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಉಳಿದವರು ಆ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಅಪ್ಪ ನಗುವನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಜೇಬಿನಿಂದ ಸುರುಳಿ ತೆಗೆದು, ಖಾಲಿ ಎಲೆಯ ಮೇಲೆ ಒಂದು ಬಾಣ ಅಂಟಿಸಿ, ಮೇಡಂ ಕಡೆ ತಳ್ಳಿದರು. "ರಿಜೆಕ್ಟು," ಎಂದರು.

ಮೇಡಂ ಕನ್ನಡಕ ತೆಗೆದರು. "ತನ್ನ ಕೆಲಸಕ್ಕೆ ತಾನೇ ಬಾಣ ಹಾಕೋ ಚೆಕ್ಕರ್‌ನ ನಾನೆಲ್ಲೂ ನೋಡಿಲ್ಲ. ಈ ಆರ್ಡರ್‌ಗೆ ಇವರೇ ಇರ್ಲಿ." ಎಲೆ ಮುಗಿಸಿದ್ದ ಇಬ್ಬರು ಚೆಕ್ಕರ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಪ್ಪ ಮನೆಗೆ ಬಂದದ್ದು ಮಾತ್ರ ಜಗಳಕ್ಕೆ. "ಕೊನೇದನ್ನ ಹೆಂಗೆ ನಿಲ್ಲಿಸೋದು ಅಂತ ಯಾಕೆ ಹೇಳ್ಲಿಲ್ಲ ನೀನು?"

"ನೀವು ಎರಡನೇದು ದಾಟಿದ್ರೆ ತಾನೇ? ಹೊಸ್ತಿಲು ದಾಟ್ದೇ ಇರೋರಿಗೆ ಹಿತ್ತಿಲ ಬಾಗಿಲ ಅಗಳಿ ಹಾಕೋದು ಹೇಳ್ಕೊಡ್ಲಾ?" ಅಮ್ಮ ಸೂಜಿ ತೆಗೆದುಕೊಂಡು ತೋರಿಸಿದಳು. ಕೊನೆಯ ಕುಣಿಕೆಯಲ್ಲಿ ಮಾತ್ರ ಸೂಜಿ ಬಂದ ತೂತಿಗೆ ಹೋಗಬಾರದು. ಕುಣಿಕೆಯನ್ನು ದಾಟಿ ಆಚೆ ಇಳಿಯಬೇಕು. ಆ ಒಂದು ಪುಟ್ಟ ಹೊಲಿಗೆಯೇ ಇಡೀ ಸಾಲನ್ನು ಹಿಡಿದಿಡುತ್ತದೆ.

ಅಪ್ಪ ಕಲಿತದ್ದು ಅದೊಂದೇ, ಆದರೆ ಪೂರ್ತಿ ಕಲಿತರು. ಮಾರನೆಯ ದಿನದಿಂದ ಪ್ರತಿ ಫ್ರಾಕಿನ ಕಾಲರನ್ನೂ ತಿರುಗಿಸಿ ದಾರದ ತುದಿ ಎಳೆಯತೊಡಗಿದರು. ಅವಸರದಲ್ಲಿ ಹಾಕಿದ ಎಲೆಗಳು. ಅರ್ಧಕ್ಕರ್ಧ ಉದುರಿದವು. ಬಾಣ ಬಿದ್ದ ಫ್ರಾಕುಗಳು ನನ್ನ ಮಷಿನ್ ಕಾಣದಷ್ಟು ಎತ್ತರಕ್ಕೆ ಬೆಳೆದವು. ಹೊರಗೆ ಲಾರಿ ಕಾಯುತ್ತಿತ್ತು. ಮ್ಯಾನೇಜರ್ ಓಡಿ ಬಂದ.

"ಯಾರ್ರೀ ಫ್ರಾಕ್ ಒಳಗೆ ಕೈಹಾಕಿ ದಾರ ಎಳೀತಾರೆ?"

"ಮಗು ಎಳೆಯತ್ತೆ ಸಾರ್."

"ಮಗು ಎಳೆಯೋ ಹೊತ್ತಿಗೆ ನಾವು ಮುಂದಿನ ಆರ್ಡರ್‌ನಲ್ಲಿರ್ತೀವಿ! ಬರೀ ನೋಡಿ ಸಾಕು!"

ಅಪ್ಪ ನೋಡಿದರು, ಎಳೆದೂ ನೋಡಿದರು. ಆ ವಾರ ಮುಗಿಯುವ ಮುಂಚೆ ಅವರನ್ನು ಪ್ಯಾಕಿಂಗ್‌ಗೆ ಹಾಕಿದರು. ಹೊಲಿಗೆ ಬರದಿದ್ದಕ್ಕಲ್ಲ, ಬಂದದ್ದಕ್ಕೆ.

ಈಗ ಅವರು ಟೇಪು ಅಂಟಿಸಿದ ಪೆಟ್ಟಿಗೆಗಳನ್ನು ಜಗ್ಗಿ ನೋಡುತ್ತಾರಂತೆ. ಉಳಿದ ಬಾಣದ ಸುರುಳಿಯನ್ನು ಮನೆಗೆ ತಂದಿಟ್ಟಿದ್ದಾರೆ. ಮೊನ್ನೆ ಸಂಜೆ ಒಂದು ಎಲೆಯನ್ನು ಪೂರ್ತಿ ಹಾಕಿ, ಅಗಳಿ ಹಾಕಿ ಮುಗಿಸಿ, ಅಮ್ಮನ ಕೈಗೆ ಕೊಟ್ಟರು. ಅಮ್ಮ ತಿರುಗಿಸಿ ದಾರವನ್ನು ಗಟ್ಟಿಯಾಗಿ ಎಳೆದಳು. ಬರಲಿಲ್ಲ. ಆದರೂ ಸುರುಳಿಯಿಂದ ಒಂದು ಬಾಣ ಕಿತ್ತು ಎಲೆಯ ನಡುವೆ ಅಂಟಿಸಿದಳು.

"ಎಲ್ಲೇ ತಪ್ಪು?"

"ತಪ್ಪಿದ್ರೇ ಅಂಟಿಸ್ಬೇಕಾ? ನೀವೇ ತಾನೇ ಪ್ರೀತಿ ಅಂತಿದ್ದಿದ್ದು?"

ಅಪ್ಪ ಬಟ್ಟೆಯನ್ನು ದೀಪದ ಕೆಳಗೆ ಹಿಡಿದು, ಬಾಣದ ಮೊನೆ ತೋರಿಸುತ್ತಿದ್ದ ಕುಣಿಕೆಯನ್ನೇ ನೋಡುತ್ತ ಕೂತರು. "ಹೌದು ಕಣೇ," ಎಂದರು ಕೊನೆಗೆ. "ಇದೊಂದು ಸ್ವಲ್ಪ ದಪ್ಪ ಆಗಿದೆ."

ಬಿಚ್ಚಲೆಂದು ದಾರ ಹಿಡಿದು ಎಳೆದರು. ಬಿಚ್ಚಿಕೊಳ್ಳಲಿಲ್ಲ; ಕೊನೆಯದನ್ನು ಅಷ್ಟು ಭದ್ರವಾಗಿ ಹಾಕಿದ್ದರು.