ಟಿ.ಬಿ.ಯೇ ಆಗಲಿ

ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಜನ ಏನೇನೋ ಬೇಡಿಕೊಳ್ಳುವುದನ್ನು ನೋಡಿದ್ದೇನೆ. ಆದರೆ "ದೇವರೇ, ಟಿ.ಬಿ.ಯೇ ಆಗಲಪ್ಪ" ಎಂದು ಬೇಡಿಕೊಂಡವಳು ನಮ್ಮ ಪುಟ್ಟಿ ಒಬ್ಬಳೇ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಆದರೂ ಅವಳ ಅಕ್ಕ ಇಟ್ಟ ಹೆಸರು ಹಾಗೇ ಉಳಿದಿತ್ತು. ತಾಯಿ ಹೋದ ಮೇಲೆ ಹೊಲಿಗೆ ಮಷೀನು ತುಳಿದು ಇವಳನ್ನು ಓದಿಸಿದವಳೂ ಆ ಅಕ್ಕನೇ. ಈಗ ಆ ಅಕ್ಕನ ಶ್ವಾಸಕೋಶದ ಸುತ್ತ ನೀರು ತುಂಬಿಕೊಂಡಿತ್ತು.

ಡಾಕ್ಟರಿಗೆ ಅನುಮಾನವಿದ್ದದ್ದು ಎರಡರ ಮೇಲೆ. ಟಿ.ಬಿ., ಇಲ್ಲವೇ ಕ್ಯಾನ್ಸರ್. ಬೆನ್ನಿಗೆ ಸೂಜಿ ಹಾಕಿ ತೆಗೆದ ನೀರು ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ಒಂದು ಕಿಣ್ವ ಎಷ್ಟಿದೆ ಎಂದು ನಾವು ಅಳೆಯುತ್ತೇವೆ. ಜಾಸ್ತಿ ಬಂದರೆ ಬಹುಮಟ್ಟಿಗೆ ಟಿ.ಬಿ.ಯೇ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ಆದರೆ ಮನುಷ್ಯ ಎದ್ದು ಓಡಾಡುತ್ತಾನೆ. ತೀರಾ ಕಡಿಮೆ ಬಂದರೆ ನಾವು ಯಾರೂ ಮಾತಾಡುವುದಿಲ್ಲ, ರಿಪೋರ್ಟ್ ಕಳಿಸಿ ಮುಂದಿನ ಟ್ಯೂಬು ಎತ್ತಿಕೊಳ್ಳುತ್ತೇವೆ. ಇದನ್ನೇ ಮಾಡಿ ಮಾಡಿ ನನ್ನ ಮುಖ ಗೋಡೆಯಾಗಿದೆ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಅಕ್ಕನಿಗೆ ನಾಲ್ಕು ವರ್ಷದ ಮಗಳಿದ್ದಳು. ಏನೆಂದು ಗೊತ್ತಾಗುವವರೆಗೆ ಮಗುವಿನ ವಿಷಯದಲ್ಲಿ ಸ್ವಲ್ಪ ಹುಷಾರು ಎಂದಷ್ಟೇ ಡಾಕ್ಟರು ಹೇಳಿದ್ದು. ಲ್ಯಾಬಿನವರಿಗೆ ಅಷ್ಟು ಸಾಲುತ್ತದೆಯೇ? ಪುಟ್ಟಿ ಅದನ್ನೇ ಕಾನೂನು ಮಾಡಿಬಿಟ್ಟಳು. ಅಕ್ಕನನ್ನು ಹೊಲಿಗೆ ಕೋಣೆಗೆ ಹಾಕಿದಳು, ಮೂಗಿಗೆ ಮಾಸ್ಕ್ ಕಟ್ಟಿಸಿದಳು, ತಟ್ಟೆ ಲೋಟ ಬೇರೆ ಮಾಡಿದಳು. ಮಗುವನ್ನು ಭಾವನ ಪಕ್ಕ ಮಲಗಿಸಿದಳು. ರಾತ್ರಿ ಮಗು ಅತ್ತರೆ ಅಕ್ಕ ಒಳಗಿನಿಂದಲೇ ಹಾಡುತ್ತಿದ್ದಳಂತೆ, ಮಧ್ಯೆ ಮಧ್ಯೆ ಕೆಮ್ಮುತ್ತ. ಇದನ್ನು ಹೇಳುವಾಗ ಪುಟ್ಟಿಗೆ ಹೆಮ್ಮೆಯೂ ಇತ್ತು, ಸಂಕಟವೂ ಇತ್ತು.

ತಮ್ಮ ಮನೆಯವರ ಸ್ಯಾಂಪಲ್ಲನ್ನು ನಮ್ಮಲ್ಲಿ ಯಾರೂ ಪರೀಕ್ಷೆ ಮಾಡುವಂತಿಲ್ಲ. ಅದು ನಾನೇ ಮಾಡಿದ ಪದ್ಧತಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ ನಮ್ಮವರ ನೀರಿನಲ್ಲಿ ನಮಗೆ ಬೇಕಾದ್ದೇ ಕಾಣುತ್ತದೆ. ಹಾಗಾಗಿ ಪರೀಕ್ಷೆ ಮಾಡಿದವಳು ನಾನು. ಕೋಣೆಯ ಆ ತುದಿಯಲ್ಲಿ ನಿಂತ ಪುಟ್ಟಿ ಯಾವುದೋ ಬಾಟಲಿಗೆ ಚೀಟಿ ಅಂಟಿಸುವ ನಾಟಕವಾಡುತ್ತಿದ್ದಳು.

"ಎಷ್ಟು ಬಂತು, ಮೇಡಂ?"

"ಕಡಿಮೆ."

"ಇನ್ನೊಂದ್ಸಲ ಹಾಕಿ ನೋಡಿ."

ಹಾಕಿದೆ. ಅದೇ ಬಂತು.

ಅವಳು ಮಷೀನಿನ ಹತ್ತಿರ ಬಂದು ಟ್ಯೂಬನ್ನೇ ದಿಟ್ಟಿಸಿದಳು. "ಇದು ಬೆಳಗ್ಗೆಯಿಂದ ಮೇಜಿನ ಮೇಲೇ ಬಿದ್ದಿತ್ತು, ಮೇಡಂ. ಫ್ರಿಜ್‌ಗೆ ಇಟ್ಟೇ ಇಲ್ಲ. ಈ ಸೆಕೇಲಿ ಕಿಣ್ವ ಉಳಿಯುತ್ತಾ?"

ಬಿದ್ದಿದ್ದು ನಿಜ. ಸೆಕೆಯಲ್ಲಿ ಕಿಣ್ವದ ಶಕ್ತಿ ಕುಗ್ಗುವುದೂ ನಿಜ. ಆದರೆ ಅರ್ಧ ದಿನಕ್ಕೆ ಇಷ್ಟು ಕುಗ್ಗುವುದಿಲ್ಲ. ಹೊಸಬರಿಗೆ ಆ ಪಾಠ ಹೇಳಿಕೊಡುತ್ತಿದ್ದವಳೇ ಅವಳು.

"ಇಷ್ಟೊಂದು ಇಳಿಯಲ್ಲ ಕಣೇ."

"ಇಳಿಯಲ್ಲ, ಗೊತ್ತು. ಒಂದೇ ಒಂದ್ಸಲ ಇಳಿಯಬಾರದಾ, ಮೇಡಂ?"

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಕೋಶಗಳನ್ನು ನೋಡುವ ಡಾಕ್ಟರಿಗೂ ಆ ನೀರಿನಲ್ಲಿ ಕ್ಯಾನ್ಸರ್ ಕೋಶ ಖಚಿತವಾಗಿ ಸಿಕ್ಕಿರಲಿಲ್ಲ. ಅಕ್ಕನಿಗೆ ನೀರು ಮತ್ತೆ ತುಂಬುತ್ತಿತ್ತು, ಮುಂದಿನ ವಾರ ಹೇಗೂ ತೆಗೆಯಬೇಕು, ಆಗಲೇ ಇನ್ನೊಮ್ಮೆ ನೋಡೋಣ ಎಂದಾಯಿತು. ಮನೆಗೆ ಹೋಗಿ ಪುಟ್ಟಿ ಹೇಳಿದ್ದು ಬೇರೆ. "ಸ್ಯಾಂಪಲ್ ಕೆಟ್ಟೋಯ್ತು ಅಕ್ಕ, ಟಿ.ಬಿ.ಯೇ ಇರಬೇಕು, ಮಗೂನ ಮಾತ್ರ ಹತ್ತಿರ ಸೇರಿಸಬೇಡ" ಎಂದಳಂತೆ.

ಎರಡನೆಯ ಸಲ ಟ್ಯೂಬನ್ನು ಅವಳೇ ಐಸಿನಲ್ಲಿಟ್ಟು, ಡಬ್ಬಿಯನ್ನು ಎದೆಗವಚಿಕೊಂಡು ತಂದಳು. ಅಟೆಂಡರ್ ಕೇಳಿದರೂ ಕೊಡಲಿಲ್ಲ. ನಾನು ಆ ಕ್ಷಣವೇ ಪರೀಕ್ಷೆಗೆ ಹಾಕಿದೆ. ಸಂಖ್ಯೆ ಇನ್ನೂ ಕೆಳಗೆ ಬಂತು. ಸಂಜೆಯ ಹೊತ್ತಿಗೆ ಕೋಶಗಳನ್ನು ನೋಡುವ ಡಾಕ್ಟರು ನನ್ನನ್ನು ಕರೆದು, ಈ ಸಲ ಸಿಕ್ಕಿತು ಎಂದರು. ಪುಟ್ಟಿ ಸಿಂಕಿನ ಮುಂದೆ ನಿಂತು ಕೈ ತೊಳೆದಳು, ತೊಳೆಯುತ್ತಲೇ ಇದ್ದಳು. ಕೊನೆಗೆ ನಲ್ಲಿ ನಿಲ್ಲಿಸಿದವಳು ನಾನು.

"ನನ್ನ ಬಾಯಲ್ಲಿ ಬರಲ್ಲ. ನೀವೂ ಬನ್ನಿ, ಮೇಡಂ."

ಹೋದೆ. ಸೈಕಲ್ ಅಂಗಡಿಯ ಮೇಲಿನ ಮನೆ. ಹೊಲಿಗೆ ಕೋಣೆಯ ಬಾಗಿಲು ತೆರೆದ ಅಕ್ಕ, ಮಾಸ್ಕಿನೊಳಗಿಂದಲೇ ನಕ್ಕಳು. "ಏನೇ ಇದು, ಪೊಲೀಸರ ಹಾಗೆ ಇಬ್ಬಿಬ್ಬರು ಬಂದಿದ್ದೀರಿ?"

ಪುಟ್ಟಿ ಗೋಡೆ ನೋಡುತ್ತ ನಿಂತಳು. ನಾನು ಅಕ್ಕನನ್ನು ಕೂರಿಸಿ, ಮುಂದೆ ಸ್ಟೂಲಿನ ಮೇಲೆ ಕೂತು ಹೇಳಿದೆ. "ಟಿ.ಬಿ. ಅಲ್ಲಮ್ಮ."

ಅವಳು ನನ್ನ ಮುಖ ನೋಡಿದಳು. ಅದು ಗೋಡೆಯಾಗಿರಲಿಲ್ಲವೇನೋ, ಅವಳಿಗೆ ತಿಳಿಯಿತು.

"ಅಂದ್ರೆ, ಆ ಇನ್ನೊಂದು."

"ಹೌದು. ನಾಳೆ ಡಾಕ್ಟರು ಎಲ್ಲಾ ಬಿಡಿಸಿ ಹೇಳ್ತಾರೆ. ಔಷಧಿ ಇದೆ..."

"ಔಷಧಿ ಮಾತು ಇರಲಿ, ಮೇಡಂ. ಇದು ಮಗೂಗೆ ಅಂಟುತ್ತಾ?"

"ಇಲ್ಲ."

"ಪಕ್ಕದಲ್ಲಿ ಮಲಗಿಸ್ಕೊಂಡ್ರೂ?"

"ಅಂಟೋದೇ ಇಲ್ಲಮ್ಮ."

ಅವಳು ಮಾಸ್ಕ್ ಬಿಚ್ಚಿದಳು. ಕೆನ್ನೆಯ ಮೇಲೆ ದಾರದ ಗುರುತು ಮೂಡಿತ್ತು. ತಂಗಿಯ ಕಡೆ ತಿರುಗಿ ಕೇಳಿದಳು. "ಮೊದಲನೇ ಸಲಾನೂ ಹೀಗೇ ಬಂದಿತ್ತೇನೇ?"

ಪುಟ್ಟಿ ಹೌದೆಂದು ತಲೆಯಾಡಿಸಿದಳು.

"ಅವತ್ತೇ ಹೇಳಿದ್ದಿದ್ರೆ, ಈ ಒಂದು ವಾರ ಮಗು ನನ್ನ ಪಕ್ಕ ಮಲಗಿರ್ತಿತ್ತಲ್ಲೇ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಪುಟ್ಟಿ ತಡೆದುಕೊಳ್ಳುತ್ತಿದ್ದಳು. ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು, ಅಕ್ಕನ ಕಾಲಿಗೆ ಮುಖ ಒತ್ತಿಕೊಂಡು ಅತ್ತಳು. ಅಕ್ಕ ಅವಳ ತಲೆ ಸವರುತ್ತಲೇ ಹೊರಗಿನ ಕೋಣೆಗೆ ಕೇಳುವ ಹಾಗೆ ಮಗಳನ್ನು ಕೂಗಿದಳು.

ಮಗು ಓಡಿ ಬಂತು. ಬಂದದ್ದು ಹೊಸ್ತಿಲವರೆಗೆ ಮಾತ್ರ. ಅಲ್ಲಿ ಕಾಲು ಜೋಡಿಸಿ ನಿಂತಿತು.

"ಬಾ ಕಂದ, ಒಳಗೆ ಬಾ."

"ಚಿಕ್ಕಮ್ಮ ಬೈತಾಳೆ" ಎಂದಿತು ಮಗು.

ಅಕ್ಕನೇ ಗೋಡೆ ಹಿಡಿದು ಎದ್ದಳು, ಹೊಸ್ತಿಲು ದಾಟಿ ಮಗುವನ್ನು ಎತ್ತಿಕೊಂಡಳು. ಅಷ್ಟಕ್ಕೇ ಅವಳಿಗೆ ಉಸಿರು ಸಾಲದಾಯಿತು. ಭಾವ ಓಡಿ ಬಂದು ಕೈ ಚಾಚಿದರು. ಅವಳು ಕೊಡಲಿಲ್ಲ.