ಮಾತು ನಿಂತರೆ ನಿಲ್ಲಿ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ ನನ್ನದು. ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲೂ ಹಾಗೇ ಆಗಿದೆ. ಮಗಳು ತದ್ವಿರುದ್ಧ. ಹನ್ನೊಂದು ವರ್ಷ, ಕೇಳಿದ್ದಕ್ಕೆ ‘ಹೂಂ’, ಕೇಳದಿದ್ದರೆ ಅದೂ ಇಲ್ಲ. ಗುಮ್ಮನಗುಸುಕಿ ಎಂದು ಬೈದು ಬೈದು ಅವಳ ಹೆಸರೇ ಗುಮ್ಮಿ ಆಗಿಹೋಯಿತು.

ನನ್ನ ಅಮ್ಮ ನಲವತ್ತೆರಡಕ್ಕೇ ಎದೆನೋವಿನಿಂದ ಹೋದವಳು. ನನಗೆ ನಲವತ್ತು ತುಂಬಿದ ವರ್ಷ ಬಿ.ಪಿ. ಏರಿದೆ ಎಂದು ಗೊತ್ತಾಯಿತು. ಆಸ್ಪತ್ರೆಯವರು ತಾಯಿ-ಮಕ್ಕಳು ಕೂಡಿ ಮಾಡುವ ವ್ಯಾಯಾಮಕ್ಕೆ ಸೇರಿಸಿದರು. ವಾರಕ್ಕೆ ಮೂರು ಸಂಜೆ, ಆಸ್ಪತ್ರೆಯ ಹಿಂದಿನ ಉದ್ದನೆಯ ಹಜಾರದಲ್ಲಿ ನಡಿಗೆ. ಮಕ್ಕಳು ಜೊತೆಗಿದ್ದರೆ ತಾಯಂದಿರು ತಪ್ಪಿಸಿಕೊಳ್ಳುವುದಿಲ್ಲ, ಮಕ್ಕಳ ಎದೆಗೂ ಒಳ್ಳೆಯದು ಅಂತೆ.

ಮೊದಲ ದಿನ ನರ್ಸ್ ಒಂದು ಫಾರಂ ಹಿಡಿದು ಬಂದಳು. ನನ್ನದೆಲ್ಲ ಬರೆದುಕೊಂಡು ಗುಮ್ಮಿಯ ಕಡೆ ತಿರುಗಿದಳು.

“ಪುಟ್ಟಿ, ಓಡಿದ್ರೆ ಉಸಿರು ಕಟ್ಟುತ್ತಾ? ಮೆಟ್ಟಿಲು ಹತ್ತೋವಾಗ ಸುಸ್ತಾಗುತ್ತಾ?”

ಗುಮ್ಮಿ ಬಾಯಿ ತೆರೆದಳು. ಅವಳು ಒಂದು ಮಾತು ಆಡುವಷ್ಟರಲ್ಲಿ ನಾನು ನಾಲ್ಕು ಷರಟಿಗೆ ಗುಂಡಿ ಹಾಕಿ ಮುಗಿಸಬಹುದು. ಅಷ್ಟು ಕಾಯುವ ತಾಳ್ಮೆ ನನಗೆಲ್ಲಿ?

“ಇವಳಿಗೇನ್ರೀ ಸುಸ್ತು? ಗುಂಡುಕಲ್ಲು ಇದ್ದಂಗಿದಾಳೆ. ಸೋಮಾರಿತನ ಒಂದು ಬಿಟ್ರೆ ಯಾವ ಕಾಯಿಲೆನೂ ಇಲ್ಲ. ‘ಇಲ್ಲ’ ಅಂತ ಬರ್ಕೊಳ್ಳಿ.”

ನರ್ಸ್ ಬರೆದುಕೊಂಡಳು. ಗುಮ್ಮಿ ಬಾಯಿ ಮುಚ್ಚಿದಳು.

ವ್ಯಾಯಾಮದ ಮೇಡಂ ಇಟ್ಟದ್ದು ಒಂದೇ ನಿಯಮ. “ನಡೀತಾ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಅಷ್ಟು ಬಿರುಸು ಸಾಕು. ಮಾತು ನಿಂತ್ರೆ ನೀವೂ ನಿಲ್ಲಿ.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಅಂದಿನಿಂದ ನನ್ನ ಬಾಯಿಗೆ ಬಿಡುವಿಲ್ಲ. ಮೂವತ್ತು ಲಂಗ ವಾಪಸ್ ಕಳಿಸಿದ ಶಾಲೆಯವರನ್ನು ಬೈದೆ, ದಾರದ ಅಂಗಡಿಯವನನ್ನು ಬೈದೆ, ಯಾರೂ ಸಿಗದಿದ್ದಾಗ ಕೈಗೆ ಸಿಕ್ಕ ಮಗಳನ್ನು ಬೈದೆ. “ಕಾಲು ಎಳ್ಕೊಂಡು ಬರ್ಬೇಡ. ಎಷ್ಟು ಸಲ ಬಡ್ಕೋಬೇಕು ನಿಂಗೆ? ನನ್ನ ಜೀವ ತಿನ್ನೋಕೇ ಹುಟ್ಟಿದೀಯಾ!”

ಒಮ್ಮೆ ಮೇಡಂ ಪಕ್ಕಕ್ಕೆ ಬಂದು ಕೇಳಿದರು. “ಮಗಳೂ ಮಾತಾಡ್ತಿದಾಳಾ?”

“ಅವಳ ಪಾಲಿಂದೂ ನಾನೇ ಆಡ್ತಿದೀನಿ ಮೇಡಂ!”

ಹಜಾರದಲ್ಲಿದ್ದ ತಾಯಂದಿರೆಲ್ಲ ನಕ್ಕರು. ಮೇಡಂ ಕೂಡ ನಕ್ಕು ಮುಂದೆ ಹೋದರು. ನನ್ನ ಕೈಯೊಳಗೆ ಗುಮ್ಮಿಯ ಕೈ ತಣ್ಣಗೆ ಬೆವೆತಿತ್ತು. ನಾನು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಎಳೆದುಕೊಂಡು ನಡೆದೆ.

ಐದು ವಾರಕ್ಕೆ ನನ್ನ ಬಿ.ಪಿ. ಇಳಿಯಿತು. ಆರನೆಯ ವಾರ ಮೆಟ್ಟಿಲು ಹತ್ತಿಸಿದರು. ಎರಡನೆಯ ಮಹಡಿ ದಾಟಿದ ಮೇಲೂ ನಾನು ಯಾವುದೋ ಪ್ಯಾಂಟಿನ ಸೊಂಟದಳತೆಯ ಬಗ್ಗೆ ವಟಗುಟ್ಟುತ್ತಲೇ ಇದ್ದೆ. ಹಿಂದೆ ಶೂಗಳ ಸದ್ದಿಲ್ಲ ಎಂದು ಹೊಳೆದು ತಿರುಗಿದೆ. ಗುಮ್ಮಿ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕುಸಿದಿದ್ದಳು.

“ಏಳು, ನಾಟಕ ಸಾಕು.” ಪಾಪಿ ಬಾಯಿ, ಮೊದಲು ಬಂದದ್ದು ಅದೇ.

ಆಮೇಲೆ ಅವಳ ತುಟಿ ನೋಡಿದೆ, ನೀಲಿಗಟ್ಟಿತ್ತು. ನಾನೇ ಹೊಲಿದ ಅಂಗಿಯ ಎದೆಯ ಗುಂಡಿ ಟಕಟಕನೆ ಕುಣಿಯುತ್ತಿತ್ತು. ಬಟ್ಟೆಯನ್ನು ಒಳಗಿನಿಂದ ಯಾರೋ ತಟ್ಟುತ್ತಿದ್ದಂತಿತ್ತು. ಕೂಗಬೇಕೆಂದರೆ, ಜನ್ಮದಲ್ಲಿ ಮೊದಲ ಸಲ, ನನಗೆ ಧ್ವನಿ ಬರಲಿಲ್ಲ. ಮೇಡಂ ಓಡಿ ಬಂದು ಅವಳನ್ನು ಎತ್ತಿಕೊಂಡರು.

ಹುಟ್ಟಿನಿಂದಲೇ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ ಎಂದರು ಡಾಕ್ಟರು. ಮಂಚದ ಅಂಚಿನಲ್ಲಿ ಕೂತು ಅವಳನ್ನು ಕೇಳಿದರು. “ಯಾವಾಗಿಂದ ಹಿಂಗಾಗ್ತಿದೆ ಮರಿ?”

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಗುಮ್ಮಿ ನನ್ನನ್ನು ನೋಡಿದಳು, ನಾನು ಮಾತಾಡುತ್ತೇನೆಂದು ಕಾದಳು.

“ಮೊದ್ಲಿಂದಾನೂ.”

“ಮತ್ತೆ ಯಾಕೆ ಹೇಳ್ಲಿಲ್ಲ?” ಎಂದರು ಡಾಕ್ಟರು.

“ನಾನು ನಿಂತ್ರೆ ಅಮ್ಮನೂ ನಿಂತ್ಬಿಡ್ತಾಳೆ. ಆಮೇಲೆ ಅಜ್ಜಿ ತರ ಆಗ್ಬಿಟ್ರೆ?”

ಕರುಳಿಗೆ ಕತ್ತರಿ ಹಾಕಿದಂತಾಯಿತು. ಎದುರು ಬಂದು ನಿಂತ ಮಗುವಿನ ಅಳತೆಯನ್ನು ಟೇಪಿಲ್ಲದೆ ಕಣ್ಣಲ್ಲೇ ಹೇಳುವವಳು ನಾನು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ. ಅಂದು ಆಸ್ಪತ್ರೆಯ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಔಷಧಿ ಕೊಟ್ಟರು. ಆರು ತಿಂಗಳು ನೋಡುತ್ತಾರೆ. ಉಸಿರು ಸುಧಾರಿಸದಿದ್ದರೆ ಎದೆ ತೆರೆಯಬೇಕಂತೆ. “ನಿಧಾನವಾಗಿ ನಡೆಸಿ, ಮಾತಾಡ್ಕೊಂಡು ನಡೆಯೋಷ್ಟು,” ಎಂದ ಡಾಕ್ಟರು ನನ್ನ ಕಡೆ ಬೆರಳು ತೋರಿಸಿದರು. “ಮಾತಾಡೋದು ಅವಳು. ನೀವಲ್ಲ.”

ಮತ್ತೆ ಹಜಾರಕ್ಕೆ ಹೋದೆವು. ನಾನು ತುಟಿ ಬಿಚ್ಚಲಿಲ್ಲ. ಗುಮ್ಮಿ ಬಿಚ್ಚುವ ಜಾಯಮಾನದವಳೇ ಅಲ್ಲ. ಮಾತಿಲ್ಲದ ಮೇಲೆ ನಡಿಗೆಯೂ ಇಲ್ಲವಲ್ಲ, ಅರ್ಧ ಗಂಟೆ ಬಾಗಿಲಲ್ಲೇ ಕಂಬದಂತೆ ನಿಂತೆವು. ಉಳಿದವರು ನಮ್ಮನ್ನು ಸುತ್ತಿಕೊಂಡು ಹೋದರು. ಮೂರು ಸಂಜೆ ಹೀಗೇ ಕಳೆಯಿತು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ನಾಲ್ಕನೆಯ ಸಂಜೆ ಅವಳು ಗೋಡೆ ನೋಡುತ್ತ, “ಆ ಗಡಿಯಾರ ಐದು ನಿಮಿಷ ಹಿಂದಿದೆ,” ಎಂದಳು. ಒಂದು ಹೆಜ್ಜೆ ಇಟ್ಟೆವು.

ನಾಲ್ಕು ತಿಂಗಳಾಯಿತು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾಳೆ. ನಾನೂ ನಿಲ್ಲುತ್ತೇನೆ.

ನಿನ್ನೆ ಹಳೆಯ ಚಾಳಿಯಂತೆ ನನ್ನ ಕಾಲು ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿತು. ಬೆನ್ನ ಹಿಂದಿನಿಂದ ಕೂಗು ಬಂತು.

“ಎಷ್ಟು ಸಲ ಬಡ್ಕೋಬೇಕು ನಿಂಗೆ? ನಿಧಾನ ನಡಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ, ನನ್ನ ಜೀವ ತಿನ್ನೋಕೇ ಹುಟ್ಟಿದೀಯಾ!”

ಹಜಾರವೇ ತಿರುಗಿ ನೋಡಿತು. ಗುಮ್ಮಿ ಕೈಯಿಂದ ಬಾಯಿ ಮುಚ್ಚಿಕೊಂಡಳು, ನನ್ನ ಹಾಗೇ. ನಾನು ಅವಳ ತುಟಿ ನೋಡಿದೆ, ಅಂಗಿಯ ಗುಂಡಿ ನೋಡಿದೆ. ಅಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದ್ದಳು.

ಅವಳ ಕೈಯನ್ನು ಬಾಯಿಂದ ತೆಗೆದೆ. “ಇನ್ನೂ ಬೈಯಿ,” ಎಂದೆ.